ಡಿಸ್ಕ್ ನೋವಿಗೆ ಮಡಿಕೇರಿಯಲ್ಲೇ ಚಿಕಿತ್ಸೆ ಸಿಗಲಿ

ಮಾನ್ಯರೇ,

ಕಾಫಿ ಕೊಯ್ಲಿನಲ್ಲಿ 50 ಕೆ.ಜಿ. ಚೀಲ ಹೊರುವ ನಮ್ಮ ಕಾರ್ಮಿಕರಿಗೆ ಸೊಂಟನೋವು ತಪ್ಪಿದ್ದಲ್ಲ. ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಹೊರಚಾಚಿ ನರ ಒತ್ತಿದರೆ ನೋವು ಪಾದದವರೆಗೂ ಇಳಿಯುತ್ತದೆ, ಕೆಮ್ಮಿದರೆ ಜಾಸ್ತಿಯಾಗುತ್ತದೆ. ಆಪರೇಷನ್ ಅಂದರೆ ಕಾಲೇ ಹೋಗುತ್ತದೆ ಎಂದು ಹೆದರಿ ಎಷ್ಟೋ ಜನ ಸುಮ್ನೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಮಾತ್ರೆ, ವ್ಯಾಯಾಮದಲ್ಲೇ ಕಡಿಮೆಯಾಗುತ್ತದೆ, ನಿಜ. ಆಗದವರಲ್ಲಿ ಅನೇಕರಿಗೆ ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಸಣ್ಣ ಕೊಳವೆ ತೂರಿಸಿ ಮಾಡುವ ಆಪರೇಷನ್ ಇದೆ. ಗಾಯ ಸುಮಾರು 8 ಮಿ.ಮೀ. ಅಷ್ಟೆ. ಹಲವರು ಮರುದಿನವೇ ಮನೆಗೆ ಹೋಗುತ್ತಾರೆ. ಪಾದ ಎತ್ತಲಾಗದಿದ್ದರೆ, ಮೂತ್ರ ಕಟ್ಟಿದರೆ ಮಾತ್ರ ಒಂದು ದಿನವೂ ಕಾಯಬಾರದು. ಅಂಥ ನೋವಿನಲ್ಲಿ ಬಸ್ಸು ಹತ್ತಿ ಮೈಸೂರಿಗೆ ಹೋಗುವುದು ಹಿಂಸೆ ಅಲ್ವಾ? ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ಬಡವರಿಗೆ ಈ ಚಿಕಿತ್ಸೆ ಸಿಗುವಂತೆ ಸರ್ಕಾರ ಮಾಡಬೇಕು.

– ಒಬ್ಬ ಓದುಗ, ಸೋಮವಾರಪೇಟೆ