ಅಪ್ಪ, ಜೇಬು ತೋರಿಸಿ ಹೋದರಾಯಿತು ಅಂದಿರಲ್ಲ

ನ್ಯೂಜೆರ್ಸಿ

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಾನು ಆರಾಮ ಇದ್ದೇನೆ. ಅವ್ವನ ಮೊಣಕಾಲು ನೋವು ಹೇಗಿದೆ? ಶೇಂಗಾ ಚಟ್ನಿಪುಡಿ ಬಂದು ಮುಟ್ಟಿತು.

ಭಾನುವಾರ ಫೋನಿನಲ್ಲಿ ನಮ್ಮ ಮಾತು ಅರ್ಧಕ್ಕೇ ನಿಂತಿತು. ನನ್ನ ಜೊತೆ ಕೆಲಸ ಮಾಡುವ ಹುಡುಗನನ್ನು ಪೊಲೀಸರು ತಡೆದರು ಅಂದಾಗ, "ತಪ್ಪು ಮಾಡದವನಿಗೆ ಯಾಕೆ ಹೆದರಿಕೆ? ಜೇಬು ತೋರಿಸಿ ಹೋದರಾಯಿತು" ಅಂದಿರಿ.

ಆ ರಾತ್ರಿ ನಾವಿಬ್ಬರೂ ಪಾಳಿ ಮುಗಿಸಿ ಒಟ್ಟಿಗೇ ಬರುತ್ತಿದ್ದೆವು. ಇಬ್ಬರ ಹೆಗಲಿಗೂ ಬ್ಯಾಗ್ ಇತ್ತು. ಅವನು ಕಪ್ಪು ಹುಡುಗ, ಇಲ್ಲಿಯೇ ಹುಟ್ಟಿ ಬೆಳೆದವನು. ಹೊರಗಿನಿಂದ ಬಂದವನು ನಾನು. ಆದರೂ ಅವನನ್ನು ಮಾತ್ರ ಗೋಡೆಗೆ ನಿಲ್ಲಿಸಿ ಮೈ ತಡವಿದರು. ನನ್ನ ಬ್ಯಾಗ್ ಮುಟ್ಟಲೂ ಇಲ್ಲ. ಅವರು ಹೇಳುವ ಮೊದಲೇ ಅವನು ಎರಡೂ ಕೈ ಎತ್ತಿದ್ದ. ಹದಿಮೂರನೇ ವಯಸ್ಸಿನಿಂದ ರೂಢಿಯಂತೆ. ಆ ಎತ್ತಿದ ಕೈಗಳು ಇನ್ನೂ ನನ್ನ ಕಣ್ಣ ಮುಂದಿವೆ ಅಪ್ಪ.

ನೀವು ಲೆಕ್ಕದ ಮಾಸ್ತರರು, ಲೆಕ್ಕವನ್ನೇ ಹೇಳುತ್ತೇನೆ. ಇಲ್ಲಿಂದ ನದಿ ದಾಟಿದರೆ ನ್ಯೂಯಾರ್ಕ್. ಅಲ್ಲಿ 2011ರ ಒಂದೇ ವರ್ಷದಲ್ಲಿ ಪೊಲೀಸರು ಸುಮಾರು 6,85,000 ಸಲ ಜನರನ್ನು ಹೀಗೆ ತಡೆದಿದ್ದರು. ನೂರಕ್ಕೆ 88 ಸಲ ಬಂಧನವೂ ಇಲ್ಲ, ಕೇಸೂ ಇಲ್ಲ. ತಡೆಸಿಕೊಂಡ ಹತ್ತು ಜನರಲ್ಲಿ ಎಂಟಕ್ಕಿಂತ ಜಾಸ್ತಿ ಮಂದಿ ಕಪ್ಪು ಜನ ಇಲ್ಲವೇ ಲ್ಯಾಟಿನೋಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು. 2013ರಲ್ಲಿ ನ್ಯಾಯಾಧೀಶೆ ಶಿರಾ ಶೈಂಡ್ಲಿನ್, ಇದನ್ನು ನಡೆಸಿದ ರೀತಿ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟರು. ತಡೆಯುವುದು ಕಡಿಮೆಯಾದರೆ ಕೊಲೆಗಳು ಹೆಚ್ಚುತ್ತವೆ ಎಂದು ಹೆದರಿಸಿದವರಿದ್ದರು. 2017ರಲ್ಲಿ ತಡೆದದ್ದು ಹನ್ನೆರಡು ಸಾವಿರಕ್ಕಿಂತ ಕಡಿಮೆ ಸಲ. ಕೊಲೆಗಳು 2011ರಲ್ಲಿ 515 ಇದ್ದವು, 2017ರಲ್ಲಿ 292ಕ್ಕೆ ಇಳಿದಿದ್ದವು.

ಕಳ್ಳರನ್ನು ಹಿಡಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಇವನು ಇಂಥದ್ದು ಮಾಡಿದ ಎಂಬ ಗುಮಾನಿ ಇದ್ದರೆ ತಡೆದು ಕೇಳಲಿ. ಮುಖ ನೋಡಿ ತಡೆಯುವುದು ಅನ್ಯಾಯ.

ನಮ್ಮ ಹುಬ್ಬಳ್ಳಿಯ ಸೆಟ್ಲಮೆಂಟ್ ನೆನಪಾಗುತ್ತದೆ. ಬ್ರಿಟಿಷರು 1871ರಲ್ಲಿ ಕಾಯ್ದೆ ತಂದು ಎಷ್ಟೋ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರು ಅಂತ ಹಣೆಪಟ್ಟಿ ಹಚ್ಚಿದರು. ಅಂಥವರನ್ನು ಅಲ್ಲಿ ಇರಿಸಿ ಹಾಜರಿ ತೆಗೆದುಕೊಳ್ಳುತ್ತಿದ್ದರು. ಕಾಯ್ದೆ 1952ರಲ್ಲಿ ಹೋಯಿತು. ಆದರೆ ನಾನು ಚಿಕ್ಕವನಿದ್ದಾಗಲೂ, ಓಣಿಯಲ್ಲಿ ಏನಾದರೂ ಕಳುವಾದರೆ ಜನ ಮೊದಲು ಆ ಕಡೆಗೇ ಬೆರಳು ತೋರಿಸುತ್ತಿದ್ದರು, ಅಲ್ವಾ?

ನಿಮ್ಮ ಶಾಲೆಯಲ್ಲಿ ಗಡಿಯಾರ ಕಳೆದ ದಿನ ನನಗೆ ನೆನಪಿದೆ. ಇಡೀ ತರಗತಿಯಲ್ಲಿ ಆ ಕಡೆಯ ಹುಡುಗನ ಚೀಲ ಒಂದನ್ನೇ ಸುರುವಿ ನೋಡಿದ್ದರು. ಅದರಲ್ಲಿ ಏನೂ ಸಿಗಲಿಲ್ಲ. ನೀವು ಮನೆಗೆ ಬಂದವರು ಊಟ ಬಿಟ್ಟು ಕಟ್ಟೆಯ ಮೇಲೆ ಕುಳಿತಿದ್ದಿರಿ. ಅವ್ವ ಎರಡು ಸಲ ಕರೆದರೂ ಏಳಲಿಲ್ಲ.

ಬರುವ ಭಾನುವಾರ ಫೋನ್ ಮಾಡುತ್ತೇನೆ. ಅವ್ವನಿಗೆ ನನ್ನ ನಮಸ್ಕಾರ ತಿಳಿಸಿರಿ.

ನಿಮ್ಮ ಮಗ