ಫೈಬ್ರೊಮಯಾಲ್ಜಿಯಾಗೆ ಮ್ಯಾಗ್ನೆಟ್ ಚಿಕಿತ್ಸೆ: ಪೂರ್ತಿ ವಿಷಯ ತಿಳಿಸಿ

ಮಾನ್ಯ ಸಂಪಾದಕರೇ,

ಫೈಬ್ರೊಮಯಾಲ್ಜಿಯಾ ಇರೋರಿಗೆ ಮೈಯೆಲ್ಲಾ ನೋವು, ರಾತ್ರಿಯಿಡೀ ಮಲಗಿದ್ರೂ ಬೆಳಿಗ್ಗೆ ಎದ್ದಾಗ ಸುಸ್ತು, ಆದ್ರೆ ಎಕ್ಸ್‌ರೇ, ಬ್ಲಡ್ ಟೆಸ್ಟ್ ಎಲ್ಲಾ ನಾರ್ಮಲ್, ಅದಕ್ಕೇ ಎಷ್ಟೋ ಸಲ ಮನೆಯವರೇ ನಂಬಲ್ಲ, ಇದು ತುಂಬಾ ಅನ್ಯಾಯ. ಮೆದುಳು ನೋವಿನ ಸಿಗ್ನಲ್‌ನ ಜಾಸ್ತಿ ಮಾಡುತ್ತೆ ಅಂತ ಡಾಕ್ಟರ್‌ಗಳು ಹೇಳ್ತಾರೆ, ಹಾಗಾಗಿ ತಲೆ ಮೇಲೆ ಕಾಯಿಲ್ ಇಟ್ಟು ಟಕಟಕ ಅಂತ ಮ್ಯಾಗ್ನೆಟಿಕ್ ಪಲ್ಸ್ ಕೊಡೋ ಟಿಎಂಎಸ್ (ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಶನ್) ಅನ್ನೋ ಚಿಕಿತ್ಸೆ ಮೇಲೆ ಆಸೆ ಹುಟ್ಟಿದೆ. ಆಪರೇಷನ್, ಅನಸ್ತೇಷಿಯಾ ಏನೂ ಬೇಡ. ಡಿಪ್ರೆಶನ್‌ಗೆ ಇದನ್ನ ಬಳಸೋಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಒಪ್ಪಿಗೆ ಕೊಡ್ತು, ಫೈಬ್ರೊಮಯಾಲ್ಜಿಯಾ ಮೇಲೆ ಆಗಿರೋ ಸ್ಟಡಿಗಳು ಮಾತ್ರ ಬಹುತೇಕ ಚಿಕ್ಕವು. ಕೆಲವರಿಗೆ ನೋವು ಕಮ್ಮಿಯಾಗಿದೆ ನಿಜ, ಆದ್ರೆ ಪೂರ್ತಿ ವಾಸಿ ಆಗುತ್ತೆ ಅನ್ನೋ ಜಾಹೀರಾತು ಹಾಕೋದು ತಪ್ಪು. ತಲೆಯೊಳಗೆ ಮೆಟಲ್ ಕ್ಲಿಪ್ ಇರೋರು, ಫಿಟ್ಸ್ ಬಂದಿರೋರು ಡಾಕ್ಟರ್‌ಗೆ ಮೊದಲೇ ಹೇಳ್ಲೇಬೇಕು. ದಯವಿಟ್ಟು ನರರೋಗ ತಜ್ಞರಿಂದ ಒಂದು ಲೇಖನ ಬರೆಸಿ.

– ಒಬ್ಬ ಓದುಗ