ಗೆಳೆಯನಿಗೊಂದು ಪತ್ರ: ಕೆವಿನ್ ಕೀರ್ಮಯರ್ ಉಳಿಸಿದ ರನ್ನುಗಳು

ಪ್ರೀತಿಯ ಗೆಳೆಯಾ,

ಬೇಸ್‌ಬಾಲ್ ಆಟಗಾರ ಕೆವಿನ್ ಕೀರ್ಮಯರ್‌ನ ಬ್ಯಾಟಿಂಗ್ ಲೆಕ್ಕ ಕಳಿಸಿ, "ಇವನಲ್ಲಿ ಏನು ಕಂಡೆ ಮಾರಾಯ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅವನ ಸರಾಸರಿ 0.250 ಕೂಡ ಮುಟ್ಟಿಲ್ಲ, ನಿಜ. ನಾಲ್ಕು ಸಲ ಬ್ಯಾಟ್ ಹಿಡಿದರೆ ಒಂದು ಹಿಟ್ ಬಂದೇ ಬರುತ್ತದೆ ಅನ್ನುವ ಹಾಗಿಲ್ಲ. ಆದರೂ 2013ರಿಂದ 2024ರವರೆಗೆ ಅಮೆರಿಕದ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಆಡಿದ. ಮುಖ್ಯವಾಗಿ ಫೀಲ್ಡಿಂಗ್ ನಂಬಿಕೊಂಡು ಇಷ್ಟು ವರ್ಷ ನಿಂತವರು ಕಡಿಮೆ ಕಣೋ.

ಇಂಡಿಯಾನಾದ ಫೋರ್ಟ್ ವೇನ್‌ನ ಹುಡುಗ. 2010ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸುವಾಗ, ಟ್ಯಾಂಪಾ ಬೇ ರೇಸ್ ತಂಡ ಅವನನ್ನು ಆರಿಸಿದ್ದು 31ನೇ ಸುತ್ತಿನಲ್ಲಿ. ಅಷ್ಟು ಹೊತ್ತಿಗೆ 940 ಹುಡುಗರ ಹೆಸರು ಕೂಗಿ ಆಗಿತ್ತು. ಮೊದಲ ಪಂದ್ಯ 2013ರ ಸೆಪ್ಟೆಂಬರ್ 30ಕ್ಕೆ, ಟೆಕ್ಸಾಸ್ ರೇಂಜರ್ಸ್ ಎದುರು. ಸೋತವರು ಮನೆಗೆ ಹೋಗಬೇಕಾದ ಪಂದ್ಯ ಅದು. ಮುಂದಿದ್ದ ರೇಸ್, ಕೊನೆಯ, ಅಂದರೆ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಈ ಹೊಸಬನನ್ನು ಸೆಂಟರ್ ಫೀಲ್ಡ್‌ಗೆ, ಮೈದಾನದ ಹಿಂಭಾಗದ ನಡುವಿನ ಜಾಗಕ್ಕೆ, ಇಳಿಸಿತು. ಅವತ್ತು ಅವನು ಬ್ಯಾಟ್ ಹಿಡಿಯಲೇ ಇಲ್ಲ. ಮ್ಯಾನೇಜರ್‌ಗೆ ಅವನ ಮೇಲೆ ಎಂಥ ನಂಬಿಕೆ ಇದ್ದಿರಬೇಕು, ಯೋಚನೆ ಮಾಡು.

ಸೆಂಟರ್ ಫೀಲ್ಡರ್ ನಿಲ್ಲುವುದು ಬ್ಯಾಟರ್‌ನಿಂದ ಸುಮಾರು 300 ಅಡಿ ದೂರದಲ್ಲಿ. ಎತ್ತರದ ಹೊಡೆತವಾದರೆ ಚೆಂಡು ನಾಲ್ಕೈದು ಸೆಕೆಂಡು ಗಾಳಿಯಲ್ಲಿರುತ್ತದೆ. ಕೀರ್ಮಯರ್ ಬ್ಯಾಟಿನ ಸದ್ದು ಕೇಳಿದ ಕೂಡಲೇ ಚೆಂಡಿಗೆ ಬೆನ್ನು ಹಾಕಿ ಗೋಡೆಯ ಕಡೆ ಓಡುತ್ತಿದ್ದ. ಗೋಡೆಗೆ ಮುಂಚೆ ವಾರ್ನಿಂಗ್ ಟ್ರ್ಯಾಕ್ ಅನ್ನುವ ಪಟ್ಟಿ ಇರುತ್ತದೆ. ಅಲ್ಲಿ ನೆಲವೇ ಬೇರೆ. ಪಾದಕ್ಕೆ ಅದು ತಾಗಿದರೆ ಗೋಡೆ ಬಂತು ಅಂತ ಅರ್ಥ, ತಿರುಗಿ ನೋಡಬೇಕಿಲ್ಲ. 2015ರಲ್ಲಿ ಬಾಲ್ಟಿಮೋರ್‌ನ ಮ್ಯಾನಿ ಮಚಾಡೊ ಹೊಡೆದ ಚೆಂಡು ಗೋಡೆ ದಾಟಿ, ನಮ್ಮ ಸಿಕ್ಸರ್ ಹಾಗೆ, ಹೋಮ್ ರನ್ ಆಗಿಯೇ ಹೋಗಿತ್ತು. ಇವನು ಓಡಿ ಬಂದು ನೆಗೆದ, ಗೋಡೆಯ ಮೇಲೆ ಕೈ ಚಾಚಿದ, ಕೆಳಗಿಳಿದಾಗ ಚೆಂಡು ಗ್ಲವ್‌ನಲ್ಲಿತ್ತು. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಕ್ರಿಕೆಟ್‌ನಲ್ಲಿ ಬೌಂಡರಿ ತಡೆದವನ ಹೆಸರು ಸ್ಕೋರ್‌ಕಾರ್ಡ್‌ನಲ್ಲಿ ಬರಲ್ಲ, ಅಲ್ವಾ? ಬೇಸ್‌ಬಾಲ್‌ನಲ್ಲೂ ಬಹಳ ಕಾಲ ಹಾಗೇ ಇತ್ತು. ತಪ್ಪು ಮಾಡಿದರೆ ಎರರ್ ಅಂತ ಬರೆಯುತ್ತಿದ್ದರು, ಬೇರೆಯವರ ಕೈಗೆ ಸಿಗದ ಚೆಂಡು ಹಿಡಿದರೆ ಒಂದು ಔಟ್ ಅಷ್ಟೇ. ಆಮೇಲೆ ಪ್ರತಿ ಹೊಡೆತವನ್ನೂ ನೋಡಿ, ಅಂಥ ಚೆಂಡನ್ನು ಉಳಿದ ಫೀಲ್ಡರ್‌ಗಳು ಎಷ್ಟು ಸಲ ಹಿಡಿಯುತ್ತಾರೆ ಅಂತ ಹೋಲಿಸುವ ಲೆಕ್ಕ ಬಂತು. 2003ರಿಂದ ಆ ಲೆಕ್ಕ ಇದೆ. 2015ರಲ್ಲಿ ಕೀರ್ಮಯರ್ ಉಳಿಸಿದ್ದು 42 ರನ್. ಅಲ್ಲಿಯವರೆಗೆ ಒಂದೇ ಸೀಸನ್‌ನಲ್ಲಿ ಯಾರೂ ಅಷ್ಟು ಉಳಿಸಿರಲಿಲ್ಲ. ಹತ್ತು ರನ್ ಅಂದರೆ ಹೆಚ್ಚುಕಡಿಮೆ ಒಂದು ಗೆಲುವು ಅನ್ನುತ್ತಾರೆ. ಬರೀ ಫೀಲ್ಡಿಂಗ್‌ನಿಂದ ನಾಲ್ಕು ಗೆಲುವು! ಆ ವರ್ಷ ತನ್ನ ಜಾಗದ ಒಳ್ಳೆಯ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲವ್ ಜೊತೆ, ಅಂಥವರಲ್ಲೇ ಮೇಲಾದವನಿಗೆ ಕೊಡುವ ಪ್ಲಾಟಿನಂ ಗ್ಲವ್ ಕೂಡ ಬಂತು. 2016, 2019, 2023ರಲ್ಲಿ ಮತ್ತೆ ಗೋಲ್ಡ್ ಗ್ಲವ್. 2017ರಲ್ಲಿ ರೇಸ್ ಅವನ ಜೊತೆ ಆರು ವರ್ಷಕ್ಕೆ 5 ಕೋಟಿ 35 ಲಕ್ಷ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ದುಡ್ಡು ಜಾಸ್ತಿ ಆಯ್ತು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಮೈ ಮಾತ್ರ ಹಣ್ಣಾಯಿತು. 2016ರಲ್ಲಿ ಚೆಂಡಿಗೆ ಹಾರಿ ಎಡಗೈ ಮುರಿದುಕೊಂಡ. ಮರುವರ್ಷ ಸೊಂಟದ ಮೂಳೆ ಬಿರುಕು ಬಿಟ್ಟಿತು. 2018ರಲ್ಲಿ ಹೆಬ್ಬೆರಳು. ಅವನು ಆಡುತ್ತಿದ್ದ ಟ್ರಾಪಿಕಾನಾ ಫೀಲ್ಡ್‌ನಲ್ಲಿ ಹುಲ್ಲು ಕೂಡ ಅಸಲಿ ಅಲ್ಲ, ಕೃತಕ ಹಾಸು. ಅವನ ಅಣ್ಣ ಶಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ ಅಸಲಿ ಹುಲ್ಲು ಬೆಳೆಸುವ ಕೆಲಸದಲ್ಲಿದ್ದಾನೆ. ಇದನ್ನು ತಿಳಿದಾಗ ನನಗೆ ಒಂಥರಾ ಸಂಕಟವಾಯಿತು. 2022ರಲ್ಲಿ ಸೊಂಟಕ್ಕೆ ಶಸ್ತ್ರಚಿಕಿತ್ಸೆ ಆಯಿತು, ರೇಸ್ ಬಿಟ್ಟುಕೊಟ್ಟಿತು. ಇವನು ಟೊರಾಂಟೊ ತಂಡಕ್ಕೆ ಹೋಗಿ, ಆ ಸೊಂಟದಲ್ಲೇ ನಾಲ್ಕನೇ ಗೋಲ್ಡ್ ಗ್ಲವ್ ಗೆದ್ದ.

2024ರಲ್ಲಿ ಬ್ಯಾಟ್ ಪೂರ್ತಿ ಕೈಕೊಟ್ಟಿತು. ಸೀಸನ್ ಮುಗಿದ ಮೇಲೆ ನಿವೃತ್ತಿ ಅಂತ ಜುಲೈನಲ್ಲೇ ಹೇಳಿಬಿಟ್ಟ. ಅದೇ ತಿಂಗಳು ಲಾಸ್ ಏಂಜಲೀಸ್‌ನ ಡಾಜರ್ಸ್ ತಂಡ ಅವನನ್ನು ತಗೊಂಡಿತು. 2020ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಲೀಗ್‌ನ ಫೈನಲ್ ಸರಣಿಯಲ್ಲಿ, ರೇಸ್ ಸೋತದ್ದು ಇದೇ ಡಾಜರ್ಸ್‌ಗೆ. ಈ ಸಲ ಅವರ ಜೊತೆ ಸೇರಿ ಕಪ್ ಗೆದ್ದ.

2024ರ ಆ ಸರಣಿಯ ಐದನೇ ಪಂದ್ಯ ಹುಡುಕಿ ನೋಡು. ಎದುರಾಳಿ ನ್ಯೂಯಾರ್ಕ್ ಯಾಂಕೀಸ್ 5-0 ಮುಂದಿತ್ತು. ಐದನೇ ಇನ್ನಿಂಗ್ಸ್‌ನಲ್ಲಿ ಅವರ ಸೆಂಟರ್ ಫೀಲ್ಡರ್ ಆರನ್ ಜಡ್ಜ್ ಒಂದು ಸುಲಭದ ಕ್ಯಾಚ್ ಕೈಬಿಟ್ಟ. ಆ ವರ್ಷ 58 ಹೋಮ್ ರನ್ ಹೊಡೆದವನು ಅವನು. ಅಲ್ಲಿಂದ ಎಲ್ಲಾ ಬಿಚ್ಚಿಕೊಂಡಿತು, ಡಾಜರ್ಸ್ 7-6ರಲ್ಲಿ ಗೆದ್ದಿತು. ಅದಾದ ಮೇಲೆ ಕೀರ್ಮಯರ್‌ನ 2015ರ ಕ್ಯಾಚುಗಳನ್ನು ಹಾಕು. ಗ್ಲವ್ ನೋಡಬೇಡ, ಮೊದಲ ಎರಡು ಹೆಜ್ಜೆ ನೋಡು. ನೋಡಿ ಬರೆ, ಕಾಯುತ್ತಿರುತ್ತೇನೆ. ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ